ತಾಲ್ಲೂಕಿಗೆ ಸೇರಿದ ಎಡಗಿವಿ

ನನಗೆ ಎರಡು ಕಿವಿಗಳಿವೆ. ಬಲಗಿವಿ ನನ್ನದು. ಎಡಗಿವಿ ಹುಣಸೂರು ತಾಲ್ಲೂಕಿಗೆ ಸೇರಿದ್ದು. ಪಕ್ಕದ ತಾಲ್ಲೂಕುಗಳಾದ ಪಿರಿಯಾಪಟ್ಟಣದವರು, ಕೋಟೆಯವರು ಯಾವುದೋ ಕೆಲಸಕ್ಕೆ ಈ ಕಡೆ ಬಂದರೂ ಅದರ ಮೇಲೆ ತಮ್ಮ ಹಕ್ಕು ಚಲಾಯಿಸಿಯೇ ಹೋಗುತ್ತಾರೆ. ಮನುಷ್ಯನಿಗೆ ಕೋಪ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ತಿಳಿದವರು ಪಿತ್ತ ಅನ್ನುತ್ತಾರೆ, ಹಸಿವು ಅನ್ನುತ್ತಾರೆ, ಗ್ರಹಚಾರ ಅನ್ನುತ್ತಾರೆ. ನನ್ನ ಕೋಪ ಎಲ್ಲಿಂದ ಬರುತ್ತದೆ ಅಂತ ನಾನು ಬೆರಳಿಟ್ಟು ತೋರಿಸಬಲ್ಲೆ. ಎಡಗಿವಿಯ ಹಾಲೆಯ ತುದಿಯಿಂದ. ಅಲ್ಲೊಂದು ಗಂಟಿದೆ. ಮೊದಲು ಅವರೆಕಾಳಿನಷ್ಟಿತ್ತು, ಆಮೇಲೆ ಹುಣಸೆಬೀಜದಷ್ಟಾಯಿತು, ಒಂದು ಕಾಲದಲ್ಲಿ ದಪ್ಪ ನೇರಳೆಹಣ್ಣಿನಷ್ಟಾಗಿ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಡಾಕ್ಟರರ ಭಾಷೆಯಲ್ಲಿ ಅದಕ್ಕೆ ಕೀಲಾಯ್ಡ್ ಅನ್ನುತ್ತಾರೆ. ಗಾಯ ಮಾಯುವಾಗ ‘ಇಷ್ಟು ಸಾಕು’ ಅಂತ ನಿಲ್ಲಿಸಬೇಕಾದ ಚರ್ಮ, ನಿಲ್ಲಿಸುವುದು ಗೊತ್ತಾಗದೆ ಬೆಳೆಯುತ್ತಲೇ ಹೋಗುತ್ತದಂತೆ. ನಮ್ಮ ಕಡೆ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಹಿಡಿದವರ ಹಾಗೆ.

ಗಂಟು ಕಿವಿಯಲ್ಲಿದ್ದರೆ ಇರಲಿ, ಅದರ ಪಾಡಿಗೆ ಅದು. ನನ್ನ ತೊಂದರೆ ಏನೆಂದರೆ ನಮ್ಮ ಕಚೇರಿಯ ಕಿಟಕಿ. ಜಾತಿ, ಆದಾಯ, ವಾಸಸ್ಥಳ ಅಂತ ಜನ ಕೊಡುವ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಕಂಪ್ಯೂಟರು ಗೋಡೆಗೆ ಮುಖ ಮಾಡಿದೆ, ಜನ ನಿಲ್ಲುವ ಕಿಟಕಿ ನನ್ನ ಎಡಕ್ಕಿದೆ. ಅಂದರೆ ಸರದಿಯಲ್ಲಿ ನಿಂತವರಿಗೆ ನನ್ನ ಮುಖ ಕಾಣಿಸುವುದಿಲ್ಲ, ಎಡಗಿವಿ ಮಾತ್ರ ಕಾಣಿಸುತ್ತದೆ. ಅದೂ ಬೇಗ ಮುಗಿಯುವ ದರ್ಶನವಲ್ಲ. ನಾನು ಟೈಪು ಮಾಡುವುದು ನಿಧಾನ. ಇಪ್ಪತ್ತೆರಡು ವರ್ಷದವರೆಗೆ ದನ ಕಾದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಸೌದೆ ಹಾಕಿ, ಆಮೇಲೆ ಹತ್ತನೇ ಕ್ಲಾಸು ಕಟ್ಟಿ, ಅಂಚೆಯಲ್ಲಿ ಬಿ.ಎ. ಓದಿ ಈ ಕುರ್ಚಿಗೆ ಬಂದವನು ನಾನು. ಎರಡೇ ಬೆರಳು ನಡೆಯುತ್ತವೆ. ಅರ್ಜಿದಾರರ ಹೆಸರು ಲಕ್ಷ್ಮಮ್ಮ ಅಂತಿದ್ದರೆ ‘ಕ್ಷ’ ಹುಡುಕುವಷ್ಟರಲ್ಲಿ ಆಯಮ್ಮ ನನ್ನ ಕಿವಿಯನ್ನು ಮೂಲೆ ಮೂಲೆಯೂ ಬಿಡದೆ ಓದಿ ಮುಗಿಸಿರುತ್ತಾರೆ.

“ಏನ್ ಸಾ ಅದು, ಕಿವೀಲಿ?”

“ಗಂಟು.”

“ತೋರಿಸ್ನಿಲ್ವಾ?”

ಈ ‘ತೋರಿಸ್ನಿಲ್ವಾ’ ಇದೆಯಲ್ಲ, ಇದನ್ನು ಕೇಳಿದರೆ ನನಗೆ ಕೀಲಿಮಣೆ ಎತ್ತಿ ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸುತ್ತದೆ. ಕೇಳುವವರಿಗೆ ನನ್ನ ಉತ್ತರ ಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಔಷಧಿ ಹೇಳಲು ಒಂದು ಬಾಗಿಲು. ಸುಣ್ಣ ಬೆಲ್ಲ ಕಲಸಿ ಹಚ್ಚಿ ಅಂದವರಿದ್ದಾರೆ. ಎಕ್ಕದ ಹಾಲು ಬಿಡಿ ಅಂದವರಿದ್ದಾರೆ. ಸರಗೂರು ಕಡೆಯ ಒಬ್ಬರು, ಮಗಳ ಮನೆಗೆ ಬಂದವರು, ಕುದುರೆ ಬಾಲದ ಕೂದಲಲ್ಲಿ ಬುಡ ಬಿಗಿದು ಕಟ್ಟಿದರೆ ಒಣಗಿ ಉದುರುತ್ತದೆ ಅಂದರು. ಅಂದು ಸುಮ್ಮನಾಗಲಿಲ್ಲ, ಮುಂದಿನ ವಾರ ಪ್ಲಾಸ್ಟಿಕ್ ಕವರಿನಲ್ಲಿ ಆ ಕೂದಲನ್ನೂ ತಂದು ಅರ್ಜಿಯ ಜೊತೆ ಒಳಗೆ ತಳ್ಳಿದರು. ನಾನು ಅದನ್ನು ಲಗತ್ತು ಅಂದುಕೊಂಡು ಪಿನ್ನು ಹೊಡೆದುಬಿಟ್ಟೆ. ಇನ್ನೊಬ್ಬ ಅಜ್ಜಿ ಬಹಳ ಹೊತ್ತು ನೋಡಿ, “ನಮ್ ಎಮ್ಮೆಗೂ ಇಂಗೇ ಆಗಿತ್ತು ಕಣಪ್ಪ” ಅಂದಿತು. ಪಾಪ, ಇದೊಂದು ಅನುಭವದ ಮಾತಿರಬಹುದು ಅಂತ ನಾನು ಟೈಪು ನಿಲ್ಲಿಸಿ, “ಏನು ಮಾಡಿದ್ರಿ ಅಜ್ಜಿ?” ಅಂದೆ. “ಮಾರ್ಬುಟ್ಟೋ” ಅಂದಿತು.

ಈ ಗಂಟು ಹುಟ್ಟಿದ ಕಥೆಯನ್ನು ಹೇಳಿದರೆ ನನ್ನ ಕೋಪ ಒಂದು ಕಿಟಕಿಯಷ್ಟು ಸಣ್ಣದಲ್ಲ ಅಂತ ನಿಮಗೆ ಗೊತ್ತಾಗುತ್ತದೆ. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚುವುದಾದರೆ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮಾವ ಬಾರದೆ ಆಚಾರಿ ಸೂಜಿ ಮುಟ್ಟುವುದಿಲ್ಲ. ನನ್ನ ನಾಮಕರಣದ ದಿನ ನಮ್ಮ ಮಾವನನ್ನು ಎರಡನೇ ಪಂಕ್ತಿಗೆ ಕೂರಿಸಿದರಂತೆ. ಬೇಕೆಂದು ಕೂರಿಸಿದ್ದಲ್ಲ, ಮೊದಲನೇ ಪಂಕ್ತಿ ತುಂಬಿತ್ತು. ಮಾವ ಎಲೆ ಬಿಟ್ಟು ಎದ್ದು, “ಕಿವಿ ಚುಚ್ಚಕ್ಕೆ ನಾನೇ ಬರ್ಬೇಕಲ್ಲ, ಆಗ ನೋಡ್ಕತೀನಿ” ಅಂತ ಹೊರಟುಹೋದರಂತೆ. ನಮ್ಮಪ್ಪ, “ಕರದ್ರೆ ತಾನೆ ಬರೋದು, ನಾನು ಕರದ್ರೆ ಕೇಳು” ಅಂದರಂತೆ. ಅಪ್ಪ ಕರೆಯಲಿಲ್ಲ, ಮಾವ ಬರಲಿಲ್ಲ. ಇಬ್ಬರು ಗಂಡಸರು ಒಂದು ಎಲೆ ಊಟಕ್ಕೆ ಮೂವತ್ತನಾಲ್ಕು ವರ್ಷ ಮುನಿಸಿಕೊಂಡರು. ನಾನು ಬರಿಗಿವಿಯಲ್ಲಿ ಬೆಳೆದೆ.

ಕೆಲಸ ಸಿಕ್ಕಿ ಮದುವೆ ಗೊತ್ತಾದಾಗ ಹೆಣ್ಣಿನ ಕಡೆಯ ಹಿರಿಯರು ನನ್ನ ತಲೆ ಆಕಡೆ ಈಕಡೆ ತಿರುಗಿಸಿ ನೋಡಿ, “ಗಂಡಿಗೆ ಒಂಟಿ ಹಾಕ್ಬೇಕು ಅಂತಿದೀವಿ, ಕಿವೀಲಿ ತೂತೇ ಇಲ್ವಲ್ಲ, ಎಲ್ಲಿಗೆ ಹಾಕೋದು?” ಅಂದರು. ಆಗ ಓಡಾಟ ಶುರುವಾಯಿತು. ಅಪ್ಪ ತೀರಿಕೊಂಡಿದ್ದರು, ಹಾಗಾಗಿ ಅವ್ವ ಹೋಗಿ ಮಾವನನ್ನು ಕರೆತಂದಳು. ಎಪ್ಪತ್ತು ದಾಟಿದ ಮಾವ, ಊದಿದ ಮಂಡಿ. ಎಪ್ಪತ್ತೆಂಟು ಕೆಜಿ ತೂಗುವ ನಾನು ಅವರ ತೊಡೆಯ ಮೇಲೆ ಕೂರಬೇಕು. ಶಾಸ್ತ್ರ ಬಿಡುವ ಹಾಗಿಲ್ಲ. ನಾನು ಕೂತ ಹಾಗೆ ಕಾಣುವಂತೆ, ಆದರೆ ಭಾರವೆಲ್ಲ ನನ್ನ ಕಾಲ ಮೇಲೆಯೇ ಇರುವಂತೆ ಕುಕ್ಕರಗಾಲಲ್ಲಿ ಅರ್ಧ ಎದ್ದು ನಿಂತಿದ್ದೆ. ಆಚಾರಿ ಬಲಗಿವಿ ಚುಚ್ಚಿದರು, ತಡೆದುಕೊಂಡೆ. ಎಡಗಿವಿ ಚುಚ್ಚುವಾಗ ಕಾಲು ಸೋತು ಪೂರ್ತಿ ಕೂತುಬಿಟ್ಟೆ. “ಅಯ್ಯೋ, ಎದ್ದೇಳ್ಲಾ, ಸತ್ತೆ!” ಅಂತ ಮಾವ ಕೂಗಿದರು. ನಾನು ಬೆಚ್ಚಿದೆ, ಸೂಜಿ ಸೊಟ್ಟಗೆ ಹೋಯಿತು. ಬಲಗಿವಿ ಮಾದು ಒಂಟಿ ಹಾಕಿಕೊಂಡು ಮದುವೆಗೆ ತಯಾರಾಯಿತು. ಎಡಗಿವಿ ಮಾಯುತ್ತಾ, ಮಾಯುತ್ತಾ, ಇವತ್ತಿಗೂ ಮಾಯುತ್ತಲೇ ಇದೆ.

ಮದುವೆಯಾದ ವರ್ಷಕ್ಕೆ ಗಂಟು ಹುಣಸೆಬೀಜದಷ್ಟಾಗಿತ್ತು. ನನ್ನ ಹೆಂಡತಿ ಸಾವಿತ್ರಿ ಮೈಸೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಅಂದಳು. ಅವಳ ತಮ್ಮ ಮಾದೇವ, ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವವನು, “ಅದ್ಕೆಲ್ಲ ಮೈಸೂರ್ಗ್ಯಾಕ್ ಓಗ್ಬೇಕು ಭಾವ? ಕೆ.ಆರ್. ನಗರದಲ್ಲಿ ನಂಗೊಬ್ರು ಗೊತ್ತು. ಎರಡೇ ನಿಮ್ಸದ ಕೆಲ್ಸ” ಅಂದ. ಸಲಹೆ ಕೊಡುವ ಜನರಲ್ಲಿ ಅತ್ಯಂತ ಅಪಾಯಕಾರಿಗಳು ಯಾರೆಂದರೆ ಪ್ರೀತಿಯಿಂದ ಕೊಡುವವರು. ಅವರಿಗೆ ಬಯ್ಯಲೂ ಆಗುವುದಿಲ್ಲ. ಹೋದೆ. ಕೆ.ಆರ್. ನಗರದ ಆ ಮನುಷ್ಯ ಎಲ್ಲೋ ಕಾಂಪೌಂಡರಾಗಿದ್ದವನಂತೆ. ಒಂದು ಕೋಣೆ, ಒಂದು ಪರದೆ, ಗೋಡೆಯ ಮೇಲೆ ನಗುವ ಮಗುವಿನ ಕ್ಯಾಲೆಂಡರು. ಎರಡು ನಿಮಿಷ ಅಂದಿದ್ದಕ್ಕೆ ಒಂದೂವರೆಯಲ್ಲೇ ಕತ್ತರಿಸಿ ಹತ್ತಿ ಅಂಟಿಸಿ ಕಳಿಸಿದ. ನಾಲ್ಕು ತಿಂಗಳು ನನ್ನ ಕಿವಿ ನನ್ನದಾಗಿತ್ತು. ಕಿಟಕಿಯಲ್ಲಿ ಜನ ಅರ್ಜಿಯ ಮಾತು ಮಾತ್ರ ಆಡಿದರು. ಆ ನಾಲ್ಕು ತಿಂಗಳಲ್ಲಿ ನನ್ನ ಟೈಪು ಕೂಡ ಸ್ವಲ್ಪ ವೇಗವಾಗಿತ್ತು ಅಂತ ನನ್ನ ನಂಬಿಕೆ. ಐದನೇ ತಿಂಗಳು ಕಡಿತ ಶುರುವಾಯಿತು. ಆರನೇ ತಿಂಗಳಿಗೆ ಗಂಟು ಮೊದಲಿನ ಎರಡರಷ್ಟಾಗಿ, ಹಿಂದಕ್ಕೂ ಮುಂದಕ್ಕೂ ಉಬ್ಬಿ ಕೂತಿತು.

ಆಗ ಕಿಟಕಿಗೆ ಬಂದವರು ಕಾಳೇಗೌಡರು ಅನ್ನುವ ವಯಸ್ಸಾದ ರೈತರು. ನನ್ನ ಕಿವಿ ನೋಡಿ ಅವರು ‘ತೋರಿಸ್ನಿಲ್ವಾ’ ಅನ್ನಲಿಲ್ಲ. “ಕುಯ್ಸುದ್ರಾ?” ಅಂದರು. ಹೂಂ ಅಂದೆ. ಅವರು ಬೇಸರದಿಂದ ತಲೆ ಆಡಿಸಿ, “ಹೊಗೆಸೊಪ್ಪಲ್ಲಿ ಕುಡಿ ಮುರುದ್ರೆ ಏನಾಯ್ತದೆ? ಕಂಕುಳಲ್ಲಿ ಎರಡು ಚಿಗುರ್ತವೆ. ಅಂಗೇ ಕಣ್ ಸಾ ಇದೂ” ಅಂದರು. ಹೊಗೆಸೊಪ್ಪಿನ ಗಿಡದ ತಲೆ ಮುರಿದ ಮೇಲೆ ಎಲೆಯ ಸಂದಿಯಲ್ಲಿ ಕಳ್ಳಕುಡಿಗಳು ಬರುತ್ತವೆ; ಅವು ಬಾರದಿರಲಿ ಅಂತ ರೈತರು ಕಾಂಡಕ್ಕೆ ಒಂದು ಎಣ್ಣೆಯಂಥ ಔಷಧಿ ಬಿಡುತ್ತಾರೆ. ಕುಡಿ ಸುಟ್ಟು ಕರ್ರಗಾಗುತ್ತದೆ. ಕಾಳೇಗೌಡರು ಇಷ್ಟು ಮಾತ್ರ ಹೇಳಿ, ತಮ್ಮ ಆದಾಯ ಪ್ರಮಾಣ ಪತ್ರ ಮಡಿಸಿ ಜೇಬಿಗಿಟ್ಟು ಹೋದರು. ಅವರು ಒಂದು ಹೋಲಿಕೆ ಕೊಟ್ಟಿದ್ದರು, ಅಷ್ಟೆ. ಔಷಧಿ ಹೇಳಿರಲಿಲ್ಲ. ಇದನ್ನು ನಾನು ಕಾಳೇಗೌಡರ ಮರ್ಯಾದೆಗಾಗಿ ಸ್ಪಷ್ಟ ಮಾಡಬೇಕು.

ಮುಂದಿನದನ್ನು ಬಹಳ ದಿನ ನನ್ನ ಹೆಂಡತಿಗೂ ಹೇಳಿರಲಿಲ್ಲ. ಸುಣ್ಣ ಬೆಲ್ಲ ಹೇಳಿದವರನ್ನು ಬಯ್ದವನು, ಎಕ್ಕದ ಹಾಲು ಹೇಳಿದವರನ್ನು ಮೂಢರೆಂದವನು, ಬಿ.ಎ. ಓದಿದ ನಾನು, ಒಂದು ಭಾನುವಾರ ಮಾದೇವನ ಹೊಲಕ್ಕೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ ಅವನ ಷೆಡ್ಡಿಗೆ ನುಗ್ಗಿ, ಆ ಕುಡಿ ಸಾಯಿಸುವ ಔಷಧಿಯನ್ನು ಬೆಂಕಿಕಡ್ಡಿಯಲ್ಲಿ ಅದ್ದಿ ಕಿವಿಯ ಗಂಟಿಗೆ ಹಚ್ಚಿಕೊಂಡೆ. ಯಾಕೆ ಅಂತ ಕೇಳಬೇಡಿ. ಇಪ್ಪತ್ತು ವರ್ಷ ಹೊಗೆಸೊಪ್ಪಿನ ನಡುವೆ ಬೆಳೆದವನಿಗೆ ಆ ಮಾತು ಎಷ್ಟು ಸರಿ ಅನ್ನಿಸಿತು ಅಂತ ನಿಮಗೆ ತಿಳಿಸಿ ಹೇಳಲಾರೆ. ಎರಡೇ ದಿನಕ್ಕೆ ಕಿವಿಯಲ್ಲಿ ಬೊಬ್ಬೆ ಎದ್ದವು. ಚರ್ಮ ಸುಲಿಯಿತು. ಗಂಟಿಗೆ ಅದು ಗೊಬ್ಬರ ಹಾಕಿದ ಹಾಗಾಗಿ, ನೇರಳೆಹಣ್ಣಿನ ಗಾತ್ರಕ್ಕೆ ಬಂದು ನಿಂತಿತು. ಮನೆಯಲ್ಲಿ ‘ಬಸ್ಸಿನ ಕಂಬಿ ತಾಗಿತು’ ಅಂದೆ.

ಕೊನೆಗೆ ಮೈಸೂರಿಗೆ ಹೋದೆವು. ಡಾಕ್ಟರು ನನಗಿಂತ ಬಹಳ ಚಿಕ್ಕ ಹೆಣ್ಣುಮಗಳು. “ಇದುವರೆಗೆ ಏನೇನು ಹಚ್ಚಿದೀರಿ?” ಅಂದರು. ಜನ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿ, ಒಂದನ್ನೂ ಮುಟ್ಟಿಲ್ಲ, ನಾನು ಅಂಥವನಲ್ಲ ಅಂದೆ. ಅವರು ಕಿವಿಯ ಹಿಂಭಾಗಕ್ಕೆ ಲೈಟು ಹಿಡಿದು, “ಹಾಗಾದ್ರೆ ಈ ಸುಟ್ಟ ಕಲೆ?” ಅಂದರು. ಸಾವಿತ್ರಿ ನನ್ನ ಮುಖ ನೋಡಿದಳು. ಬಸ್ಸಿನ ಕಂಬಿ ಅನ್ನಲು ಬಾಯಿ ತೆರೆದೆ, ಆಗಲಿಲ್ಲ. ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, “ಬಾಟಲ್ ಮೇಲೆ ಬರೆದಿರೋದು ಓದಲಿಲ್ವಾ?” ಅಂದರು. “ಇಂಗ್ಲಿಷಿನಲ್ಲಿತ್ತು ಮೇಡಂ” ಅಂದೆ. ಅವರು ನನ್ನ ಚೀಟಿ ನೋಡಿ, “ಬಿ.ಎ. ಅಂತ ಹಾಕಿದೀರಲ್ಲ” ಅಂದರು. ವಿದ್ಯಾರ್ಹತೆ ಕೇಳದಿದ್ದರೂ ಚೀಟಿಯಲ್ಲಿ ಹೆಸರಿನ ಮುಂದೆ ಬಿ.ಎ. ಹಾಕಿಸಿದ್ದು ನಾನೇ.

ಬರೀ ಕತ್ತರಿಸಿ ಬಿಟ್ಟರೆ ಇದು ಮತ್ತೆ ಬರುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಗಂಟಿನ ಒಳಕ್ಕೇ ಇಂಜೆಕ್ಷನ್ನು ಕೊಡಬೇಕು, ತಿಂಗಳಿಗೊಂದರಂತೆ, ತಾಳ್ಮೆಯಿಂದ. ಆಮೇಲೆ ಒತ್ತಿಹಿಡಿಯುವ ಒಂದು ಕ್ಲಿಪ್ಪು ಹಾಕಿಕೊಳ್ಳಬೇಕು. ತಾಳ್ಮೆ ಅನ್ನುವ ಪದ ಅವರ ಬಾಯಲ್ಲಿ ಸಲೀಸಾಗಿ ಬಂತು. ಸೂಜಿ ಒಳಗೆ ಹೋಗುವಾಗ ಗೊತ್ತಾಗುತ್ತದೆ ಅದರ ಅರ್ಥ. ಗಂಟು ಕಲ್ಲಿನ ಹಾಗೆ, ಔಷಧಿ ಒಳಕ್ಕೆ ಇಳಿಯುವುದೇ ಇಲ್ಲ. ಡಾಕ್ಟರು ಒತ್ತುತ್ತಾರೆ, ನಾನು ಕುರ್ಚಿಯ ಕೈ ಹಿಡಿದು ನಮ್ಮಪ್ಪನನ್ನು, ಮಾವನನ್ನು, ಆ ಎರಡನೇ ಪಂಕ್ತಿಯನ್ನು, ಕೆ.ಆರ್. ನಗರದ ಕ್ಯಾಲೆಂಡರಿನ ಮಗುವನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಬಯ್ಯುತ್ತೇನೆ. ಆದರೂ ನಿಜ ಹೇಳಬೇಕು, ನಾಲ್ಕನೇ ಸೂಜಿಯ ಹೊತ್ತಿಗೆ ಕಡಿತ ನಿಂತಿತು. ಗಂಟು ಮೆತ್ತಗಾಗಿ ಕುಗ್ಗತೊಡಗಿತು.

ಆ ನಾಲ್ಕನೇ ಸಲ ಡಾಕ್ಟರು, “ನಿಮ್ಮ ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾ?” ಅಂದರು. ಇಲ್ಲ ಅನ್ನಲು ಹೋದವನಿಗೆ ಅವ್ವನ ತೋಳು ನೆನಪಾಯಿತು. ಚಿಕ್ಕಂದಿನಲ್ಲಿ ಚುಚ್ಚುಮದ್ದು ಹಾಕಿದ ಜಾಗದಲ್ಲಿ ಏಡಿ ಕಾಲು ಚಾಚಿ ಕೂತ ಹಾಗೊಂದು ಗಂಟು. ಅವ್ವ ಅದರ ಮೇಲೆ ಯಾವಾಗಲೂ ಸೆರಗು ಹೊದ್ದಿರುತ್ತಾಳೆ. ಮನೆಯಲ್ಲಿ ಹತ್ತು ತಿಂಗಳ ಮಗಳಿದ್ದಾಳೆ, ಚಿನ್ನಿ ಅನ್ನುತ್ತೇವೆ. ಮುಂದಿನ ಶುಕ್ರವಾರ ಅವಳ ಕಿವಿ ಚುಚ್ಚುವುದು ಅಂತ ನಿಶ್ಚಯವಾಗಿತ್ತು.

“ಅವಳಿಗೂ ಬರುತ್ತಾ ಮೇಡಂ?”

“ಬಂದೇ ಬರುತ್ತೆ ಅಂತಿಲ್ಲ, ಬರಲ್ಲ ಅಂತಾನೂ ಹೇಳಕ್ಕಾಗಲ್ಲ. ಚುಚ್ಚಿಸದೇ ಇರೋದು ಒಳ್ಳೇದು. ಚುಚ್ಚಿಸಲೇಬೇಕು ಅಂದ್ರೆ ದೊಡ್ಡೋಳಾಗೋ ತನಕ ಕಾಯಬೇಡಿ. ತಡ ಆದಷ್ಟೂ ಇದು ಬರೋದು ಹೆಚ್ಚು.”

ತಡ ಆದಷ್ಟೂ! ನನ್ನ ಬದುಕಿನಲ್ಲಿ ಓದು ತಡ, ಕೆಲಸ ತಡ, ಮದುವೆ ತಡ. ತಡವಾದರೂ ಬಂತಲ್ಲ ಅಂತ ಎಲ್ಲದಕ್ಕೂ ಸಮಾಧಾನ ಮಾಡಿಕೊಂಡಿದ್ದವನು ನಾನು. ಮಾವ ಅವತ್ತು ಆ ಎಲೆಯ ಮುಂದೆ ತೆಪ್ಪಗೆ ಉಂಡಿದ್ದರೆ ಬಹುಶಃ ಈ ಗಂಟೇ ಇರುತ್ತಿರಲಿಲ್ಲ. ಹುಣಸೂರಿನ ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಡಿಯುತ್ತಾ ಬಂದೆ.

ಮನೆಗೆ ಬಂದರೆ ಜಗುಲಿಯ ಮೇಲೆ ಮಾದೇವ ಕೂತಿದ್ದಾನೆ. ತೊಡೆಯ ಮೇಲೆ ಚಿನ್ನಿ. ಕೈಯಲ್ಲಿ ಕೆಂಪು ಕಾಗದದ ಪೊಟ್ಟಣ, ಒಳಗೆ ಮಗುವಿಗೆ ಮಾಡಿಸಿದ ಪುಟ್ಟ ಓಲೆ. “ನೋಡಿ ಭಾವ, ಎಂಗವೆ?” ಅಂತ ಹಲ್ಲು ಬಿಟ್ಟು ತೋರಿಸಿದ. ನಾನು ಡಾಕ್ಟರು ಹೇಳಿದ್ದನ್ನು ಹೇಳಬೇಕಿತ್ತು. ಅದರ ಬದಲು ಅಷ್ಟು ದಿನ ಕಿಟಕಿಯಲ್ಲಿ ನುಂಗಿದ್ದೆಲ್ಲ ಅವನ ಮೇಲೆ ಸುರಿದೆ. ನಿನ್ನ ಎರಡು ನಿಮಿಷದ ಕೆಲಸದಿಂದ ನಾನು ಹಾಳಾದೆ, ಈಗ ನನ್ನ ಮಗಳ ಕಿವಿಗೂ ಬಂದೆಯಾ, ನಿನ್ನ ಓಲೆ ಯಾರಿಗೆ ಬೇಕು, ಎತ್ತಿಕೊಂಡು ನಡಿ ಅಂದೆ. ಮಾದೇವ ಮಗುವನ್ನು ಮೆಲ್ಲಗೆ ಅಕ್ಕನ ಕೈಗೆ ಕೊಟ್ಟ. ಕಾಫಿ ಲೋಟ ಹಾಗೇ ಇಟ್ಟ. ಮೆಟ್ಟಿಲಿಳಿದು ತಿರುಗಿ ನಿಂತು, “ಆಯ್ತು ಭಾವ. ನಾ ಬರ್ದೆ ಆ ಮಗೀನ ಕಿವೀಗೆ ಯಾವ ಆಚಾರಿ ಸೂಜಿ ಮುಟ್ಟುಸ್ತಾನೋ ನಾನೂ ನೋಡ್ಕತೀನಿ” ಅಂದು ಬೈಕು ಹತ್ತಿದ.

ಒಳ್ಳೆಯದೇ ಆಯಿತು, ಪೀಡೆ ಕಳೆಯಿತು, ಚುಚ್ಚುವ ಮಾತೇ ಇಲ್ಲ ಅಂತ ನಾನು ಗೆದ್ದವನ ಹಾಗೆ ಒಳಗೆ ಬಂದೆ. ಸಾವಿತ್ರಿ ಕೂಗಾಡಲಿಲ್ಲ. ಆ ಕಾಫಿಯನ್ನು ಬಚ್ಚಲಿಗೆ ಚೆಲ್ಲಿ ಬಂದು, “ಅವ್ನು ಮುನಿಸ್ಕಂಡ. ನೀವು ಕರೆಯಲ್ಲ” ಅಂದಳು. “ಇವಳು ದೊಡ್ಡೋಳಾಯ್ತಾಳೆ, ಮದುವೆ ಗೊತ್ತಾಯ್ತದೆ, ಕಿವೀಲಿ ತೂತಿಲ್ಲ ಅಂತಾರೆ ಅವರು. ಆವಾಗ ಹೋಗಿ ಕರ್ಕಬತ್ತೀರಿ ಅವನ್ನ. ಮುದುಕ ಆಗಿರ್ತಾನೆ. ಅವನ ತೊಡೆ ಮೇಲೆ ಇವಳನ್ನ ಕೂರುಸ್ತೀರಿ. ನಿಮ್ಮಪ್ಪ ನಿಮಗೆ ಮಾಡಿದ್ದನ್ನೇ ಚಾಚೂ ತಪ್ಪದಂಗೆ ಮಾಡ್ತಿದೀರಿ, ಮಾಡಿ.”

ಚಿನ್ನಿ ಅಕ್ಕಿ ಡಬ್ಬದ ಮುಚ್ಚಳ ಬಡಿಯುತ್ತಾ ಕೂತಿದ್ದಳು. ಅವಳ ಕಿವಿಗಳನ್ನು ನೋಡಿದೆ. ಎರಡೂ ಅವಳದ್ದೇ ಆಗಿದ್ದವು, ಸದ್ಯಕ್ಕೆ.

ಮರುದಿನ ಬೆಳಿಗ್ಗೆ ರಜೆ ಹಾಕಿ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಕಂಡಕ್ಟರು ಚೀಟಿ ಹರಿಯುತ್ತಾ, “ಕಿವೀಗೇನಾಯ್ತು ಯಜಮಾನ್ರೆ?” ಅಂದ. ನಾನು ಬಲಗಿವಿ ತಿರುಗಿಸಿದೆ. ಮಾದೇವ ಬ್ಯಾರನ್ನಿನ ಮುಂದೆ ಸೌದೆ ಜೋಡಿಸುತ್ತಿದ್ದ. ನನ್ನನ್ನು ನೋಡಿಯೂ ನೋಡದವನ ಹಾಗೆ ಜೋಡಿಸುತ್ತಲೇ ಇದ್ದ. ತಪ್ಪಾಯಿತು ಅನ್ನುವ ಮಾತು ನನಗೆ ‘ಕ್ಷ’ ಇದ್ದ ಹಾಗೆ, ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಅವನ ಪಕ್ಕದಲ್ಲಿ ಒಂದು ದಿಮ್ಮಿಯ ಮೇಲೆ ಕೂತು ಎಡಗಿವಿಯನ್ನು ಅವನ ಕಡೆ ಒಡ್ಡಿದೆ.

“ಮುಟ್ಟಿ ನೋಡು” ಅಂದೆ.

ಅವನು ಕೈ ಒರೆಸಿಕೊಂಡು ಎರಡು ಬೆರಳಲ್ಲಿ ಹಿಡಿದ. “ಮೆತ್ತಗಾಗದೆ” ಅಂದ.

“ತಿಂಗಳಿಗೊಂದು ಸೂಜಿ. ಇದರ ಒಳಕ್ಕೆ.”

“ಇದ್ರೊಳಿಕ್ಕಾ? ನೋವಾಗಲ್ವಾ ಭಾವ?”

“ಕಣ್ಣಲ್ಲಿ ನೀರು ಬತ್ತದೆ.”

ಅವನು ಕಿವಿಯಿಂದ ಬೆರಳು ತೆಗೆದ. “ಮಗೀಗೂ ಇದು ಬತ್ತದಾ?”

“ಬರಬಹುದು ಅಂದರು ಡಾಕ್ಟರು. ನಮ್ಮವ್ವನ ತೋಳಲ್ಲಿದೆ. ನನಗೆ ಬಂತು.”

“ಅದ್ನ ನೆನ್ನೆ ಯೋಳ್‌ಬಾರ್ದಾ? ನೀವು ಬರೀ ಬಯ್ದ್ರಿ, ಯೋಳ್ನೇ ಇಲ್ಲ” ಅಂದ ಮಾದೇವ. “ಬ್ಯಾಡ ಬುಡಿ. ಮಗು ಅಳೋದು ನೋಡಕ್ಕಾಗಲ್ಲ ನಂಗೆ. ಓಲೆ ಕರಗಿಸಿ ಉಂಗುರ ಮಾಡ್ಸಾನ.” ಆಮೇಲೆ ಕಿವಿಯನ್ನು ಇನ್ನೊಂದು ಸಲ ಹಿಂದಕ್ಕೆ ಬಗ್ಗಿಸಿ ನೋಡಿ, “ಇದೇನು ಸುಟ್ಟಂಗದೆ?” ಅಂದ. ಅವನ ಕಣ್ಣು ಷೆಡ್ಡಿನ ಕಡೆ ಹೋಯಿತು. “ಹೋದ್ ವರ್ಷ ಕುಡಿ ಔಷ್ದಿ ಬಾಟ್ಲಿ ಮುಚ್ಚಳ ತೆಗ್ದು ಬಿದ್ದಿತ್ತು. ಆಳುಗಳ್ನೆಲ್ಲ ಬಯ್ದಿದ್ನಲ್ಲ ನಾನು. ಭಾವ, ನೀವಾ?”

ಅವನು ನಕ್ಕ ಶಬ್ದಕ್ಕೆ ಪಕ್ಕದ ಹೊಲದವರು ಬಂದು ನಿಂತರು. ನಾನು ಸಹಿಸಿಕೊಂಡೆ. ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಎಲ್ಲ ಶಾಸ್ತ್ರವೂ ನಡೆಯಿತು. ಮಾದೇವನನ್ನು ಮೊದಲನೇ ಪಂಕ್ತಿಯ ಮೊದಲನೇ ಎಲೆಗೆ ನಾನೇ ಕೈ ಹಿಡಿದು ಕೂರಿಸಿದೆ. ಚಿನ್ನಿ ಅವನ ತೊಡೆಯ ಮೇಲೆ ಕೂತಳು. ಆಚಾರಿ ಎರಡೂ ಕಿವಿಗೆ ಅರಿಶಿನ ಮುಟ್ಟಿಸಿ, ಬೆರಳಿಗೆ ಉಂಗುರ ಹಾಕಿ, ಸೂಜಿಯನ್ನು ತೆಗೆಯದೆಯೇ ಎದ್ದರು. ಅವ್ವ ತೋಳಿನ ಮೇಲೆ ಸೆರಗು ಸರಿಮಾಡಿಕೊಂಡಳು. ಎತ್ತಿಕೊಂಡರೆ ಚಿನ್ನಿ ನನ್ನ ಎಡಗಿವಿಯ ಗಂಟನ್ನೇ ಹಿಡಿದು ಜಗ್ಗುತ್ತಾಳೆ. ಕಾಳೇಗೌಡರನ್ನು ಬಿಟ್ಟರೆ, ಅದನ್ನು ನೋಡಿ ಔಷಧಿ ಹೇಳದ ಮನುಷ್ಯಪ್ರಾಣಿ ಈ ತಾಲ್ಲೂಕಿನಲ್ಲಿ ಅವಳೊಬ್ಬಳೇ, ಅದೂ ಮಾತು ಬರುವವರೆಗೆ.

ಮೊನ್ನೆ ಕಿಟಕಿಗೆ ಒಬ್ಬಳು ಹೆಣ್ಣುಮಗಳು ಬಂದಳು. ಗಂಡನ ಮನೆ ನಮ್ಮ ಹೋಬಳಿ, ತವರು ಕೋಟೆ ಕಡೆ. ಅರ್ಜಿ ಒಳಗೆ ತಳ್ಳಿದಾಗ ಅವಳ ಕತ್ತಿನ ಪಕ್ಕದಲ್ಲಿ, ಎಂದೋ ಆದ ಗಾಯದ ಜಾಗದಲ್ಲಿ, ನನಗೆ ಚೆನ್ನಾಗಿ ಪರಿಚಯವಿರುವ ಮಿರಮಿರ ಮಿಂಚುವ ಗಂಟೊಂದು ಕಂಡಿತು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ.

“ಏನಮ್ಮ ಅದು, ಕತ್ತಲ್ಲಿ? ತೋರಿಸಲಿಲ್ವಾ?” ಅಂದೆ.

ಅಂದ ಮೇಲೆ ನಿಲ್ಲಿಸಲಾಗಲಿಲ್ಲ. ಕುಯ್ಯಿಸಬೇಡ ಅಂದೆ, ಏನೂ ಹಚ್ಚಬೇಡ ಅಂದೆ, ಸೂಜಿಯ ವಿಷಯ, ಕ್ಲಿಪ್ಪಿನ ವಿಷಯ, ಹೊಗೆಸೊಪ್ಪಿನ ಕುಡಿಯ ವಿಷಯ, ನಮ್ಮವ್ವನ ತೋಳಿನ ವಿಷಯ ಎಲ್ಲ ಹೇಳಿದೆ. ಕಿಟಕಿಯ ಸರಳಿನ ಹತ್ತಿರ ಕಿವಿ ತಂದು, ಮುಟ್ಟಿ ನೋಡು ಅಂದೆ. ಅವಳ ಹಿಂದಿನ ಸಾಲು ಬೆಳೆದು ಬೇವಿನ ಮರದವರೆಗೆ ಹೋಗಿತ್ತು. ಅವಳು ಸೆರಗನ್ನು ಕತ್ತಿಗೆ ಎಳೆದುಕೊಂಡು, “ಮದ್ಲು ಅರ್ಜಿ ಒತ್ತಿ ಕೊಡಣ್ಣ, ಕೋಟೆ ಬಸ್ಸು ಹೊಂಟೋಯ್ತದೆ” ಅಂದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳ್ಳೆಯದು ಹೇಳಿದರೆ ಕೇಳುವ ಒಬ್ಬರೂ ಇಲ್ಲವಲ್ಲ ಈ ತಾಲ್ಲೂಕಿನಲ್ಲಿ ಅಂತ ಗೊಣಗುತ್ತಾ ಕೂತು ಅರ್ಜಿ ನೋಡಿದೆ. ಹೆಸರು ಲಕ್ಷ್ಮಮ್ಮ. ‘ಕ್ಷ’ ಹುಡುಕತೊಡಗಿದೆ.